‘ಸ್ಕಿಡ್ ಆಗಿ ಬಿದ್ದರು’ ಎಂದು ಬರೆಸಬೇಡಿ

ಕಳೆದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ ಸೀಬಿ ನರಸಿಂಹಸ್ವಾಮಿಯ ದರ್ಶನ ಮುಗಿಸಿಕೊಂಡು ನಾನೂ ಭಾವನವರೂ ಎರಡು ಸ್ಕೂಟರುಗಳಲ್ಲಿ ತುಮಕೂರಿನ ಕಡೆ ಮರಳುತ್ತಿದ್ದಾಗ, ಹಿಂದಿನಿಂದ ಬಂದ ಬೂದು ಬಣ್ಣದ ಕಾರೊಂದು ಅವರ ಸ್ಕೂಟರಿಗೆ ಗುದ್ದಿ, ಅರೆಗಳಿಗೆ ನಿಧಾನಿಸಿದಂತೆ ಮಾಡಿ, ನಿಲ್ಲಿಸದೆ ಹೊರಟುಹೋಯಿತು. ಭಾವನವರ ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿತ್ತು. ಕಾರಿನವನ ಅಪರಾಧ ಒಂದು ಕಡೆಗಿರಲಿ, ಅದಾದ ಎರಡು ಗಂಟೆಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ಬೇರೆ ಯಾರೂ ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ರಸ್ತೆಯ ಮೇಲೆ ಆ ಕಾರಿನ ಕನ್ನಡಿಯ ಪ್ಲಾಸ್ಟಿಕ್ ಕವಚ ಒಡೆದು ಬಿದ್ದಿತ್ತು. ಯಾರದಾದರೂ ಟೈರಿಗೆ ಚುಚ್ಚೀತೆಂದು ನಾನೇ ಆ ಚೂರುಗಳನ್ನು ಚಪ್ಪಲಿಯಿಂದ ಚರಂಡಿಗೆ ತಳ್ಳಿದೆ. ಅಂಥ ಬಿಡಿಭಾಗಗಳ ಒಳಮೈಯಲ್ಲಿ ಅಚ್ಚಾಗಿರುವ ಸಂಖ್ಯೆಯಿಂದ ಕಾರಿನ ಮಾದರಿಯನ್ನು ಪತ್ತೆ ಮಾಡಬಹುದೆಂದು ತಿಳಿದದ್ದು ಆಮೇಲೆ. ನಂಬರಿನ ಕೊನೆಯ ಎರಡು ಅಂಕಿಗಳನ್ನು ನೋಡಿದ್ದ ಎಳನೀರಿನವರೊಬ್ಬರು ಅಲ್ಲೇ ನಿಂತಿದ್ದರೂ ಅವರ ಫೋನ್ ನಂಬರ್ ಕೇಳುವುದು ಹೊಳೆಯಲಿಲ್ಲ. 112ಕ್ಕೆ ಕರೆಯನ್ನೂ ಮಾಡಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಆದದ್ದು ಆಸ್ಪತ್ರೆಯಲ್ಲಿ. ‘ಆಕ್ಸಿಡೆಂಟ್ ಅಂದರೆ ಪೊಲೀಸ್ ಕೇಸಾಗುತ್ತೆ, ಟ್ರೀಟ್‌ಮೆಂಟ್ ತಡವಾಗುತ್ತೆ, ಸ್ಕಿಡ್ ಆಗಿ ಬಿದ್ದರು ಅಂತ ಬರೆಸಿಬಿಡಿ’ ಎಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಹಿತವಾಗಿಯೇ ಹೇಳಿದರು. ನಾನು ಹಾಗೆಯೇ ಬರೆಸಿ ಸಹಿ ಹಾಕಿದೆ. ಪೊಲೀಸರಿಗಾಗಿ ಕಾಯದೆ ಗಾಯಾಳುವಿಗೆ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮೂ ವೈದ್ಯರಿಗೆ ಅದೇ ಹೊಣೆಯನ್ನು ಹೊರಿಸಿದೆ. ನಿಜ ಹೇಳಿದ್ದರೆ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೊ-ಲೀಗಲ್ ಕೇಸ್ ಎಂದು ನಮೂದಿಸಿ ಠಾಣೆಗೆ ತಿಳಿಸುತ್ತಿದ್ದರು, ಚಿಕಿತ್ಸೆಯೂ ನಡೆಯುತ್ತಿತ್ತು.

ಶಸ್ತ್ರಚಿಕಿತ್ಸೆ, ರಾಡು, ಬಿಲ್ಲು ಎಲ್ಲ ಮುಗಿದು ನಾನು ಠಾಣೆಗೆ ಹೋಗುವ ಹೊತ್ತಿಗೆ 23 ದಿನಗಳು ಕಳೆದಿದ್ದವು. ಹತ್ತಿರದ ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ 15 ದಿನಗಳ ದೃಶ್ಯ ಮಾತ್ರ ಉಳಿಯುತ್ತಿತ್ತು. ಎಳನೀರಿನವರು ಜಾಗ ಬದಲಿಸಿದ್ದರು. ಎಫ್‌ಐಆರ್ ಆಯಿತು, ಮಹಜರೂ ಆಯಿತು, ಕೊನೆಗೆ ವಾಹನ ಪತ್ತೆಯಾಗಲಿಲ್ಲವೆಂದು ‘ಸಿ’ ರಿಪೋರ್ಟ್ ಹೋಯಿತು. ಕಾರು ಸಿಕ್ಕಿದ್ದರೆ ಅದರ ವಿಮೆಯವರ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದಿತ್ತು. ಅದಕ್ಕೆ ಕಾಯ್ದೆಯಲ್ಲಿ ಆರು ತಿಂಗಳ ಗಡುವಿದೆ ಎಂಬುದನ್ನೂ ನೆನಪಿಡಿ. ಭಾವನವರ ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದುದರಿಂದ ಅದರ ರಿಪೇರಿ ಖರ್ಚೂ ನಮ್ಮ ಮೇಲೆಯೇ ಬಿತ್ತು.

ಗುದ್ದಿದ ವಾಹನ ಸಿಗದಿದ್ದರೂ ಒಂದು ದಾರಿಯಿದೆ, ಆದರೆ ಅದು ಬಹಳ ಜನರಿಗೆ ಗೊತ್ತಿಲ್ಲ. ಕಾಯ್ದೆಯ 161ನೇ ಕಲಮಿನ ಅಡಿಯಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ, ಹಿಟ್ ಅಂಡ್ ರನ್‌ನಲ್ಲಿ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ, ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ಸಿಗುತ್ತದೆ. ಮೂಳೆ ಮುರಿತವೂ ತೀವ್ರ ಗಾಯವೇ. ಅಪಘಾತ ನಡೆದ ತಾಲ್ಲೂಕಿನ ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಎಫ್‌ಐಆರ್ ಪ್ರತಿ, ಚಿಕಿತ್ಸೆಯ ದಾಖಲೆ, ಗುರುತಿನ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ಅರ್ಜಿ ಕೊಡಬೇಕು. ಒಂದು ತಿಂಗಳಲ್ಲಿ ವಾಹನದ ವಿವರ ಸಿಗದಿದ್ದರೆ ಪೊಲೀಸರೇ ಈ ಯೋಜನೆಯ ಬಗ್ಗೆ ಗಾಯಾಳುವಿಗೆ ಲಿಖಿತವಾಗಿ ತಿಳಿಸಬೇಕೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ನಮಗೆ ಅದನ್ನು ಯಾರೂ ತಿಳಿಸಲಿಲ್ಲ. ಪರಿಚಯದ ವಕೀಲರೊಬ್ಬರು ಮಾತಿನ ನಡುವೆ ಹೇಳಿದ್ದರಿಂದ ಗೊತ್ತಾಯಿತು.

ನಿಮ್ಮ ಕಡೆಯವರೂ ಗಾಬರಿಯಲ್ಲಿ ಸ್ಕಿಡ್ ಎಂದೇ ಬರೆಸಿಬಿಟ್ಟಿದ್ದರೆ, ಮರುದಿನವೇ ವೈದ್ಯರಿಗೆ ಲಿಖಿತ ಮನವಿ ಕೊಟ್ಟು ನಿಜ ಸಂಗತಿಯನ್ನು ದಿನಾಂಕದೊಡನೆ ಸೇರಿಸಲು ಕೇಳಿ, ಆ ಮನವಿಗೆ ಸ್ವೀಕೃತಿ ಪಡೆದು, ಅದೇ ದಿನ ಠಾಣೆಗೆ ಹೋಗಿ. ದೂರಿನಲ್ಲಿ ಮೊದಲು ಹಾಗೆ ಬರೆಸಿದ್ದೇಕೆ ಎಂಬುದನ್ನೂ ಮುಚ್ಚಿಡದೆ ಹೇಳಿ.

ನಮ್ಮ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಹೋದ ವಾರ ವಿಚಾರಿಸಲು ಹೋದಾಗ ಗುಮಾಸ್ತರು ಏನನ್ನೂ ಹೇಳದೆ ಕಡತ ಬಿಚ್ಚಿ, ಕೇಸ್ ಶೀಟಿನ ಮೊದಲ ಪುಟದ ಒಂದು ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು ನನ್ನ ಕಡೆ ತಿರುಗಿಸಿದರು. ಅದರ ಕೆಳಗಿದ್ದ ಸಹಿ ನನ್ನದೇ.