ಹೊಸ ಕಾರಿಗೆ ಹೊರಗಿನ ಪವರ್ ವಿಂಡೋ ಹಾಕಿಸಬೇಡಿ

ಕಡಿಮೆ ಬೆಲೆಯ, ಬೇಸ್ ಮಾದರಿಯ ಕಾರು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಕಾರು ಕೈಗೆ ಬರುವ ಮೊದಲೇ ಷೋರೂಮಿನ ಆಕ್ಸೆಸರಿ ವಿಭಾಗದವರು ನಿಮ್ಮನ್ನು ಕೂರಿಸಿಕೊಂಡು, "ಈ ಕಾಲದಲ್ಲಿ ಯಾರು ಸರ್ ಕೈಯಲ್ಲಿ ಗಾಜು ತಿರುಗಿಸುತ್ತಾರೆ?" ಎಂದು ಶುರು ಮಾಡುತ್ತಾರೆ. ನಾಲ್ಕೂ ಬಾಗಿಲಿಗೆ ಸ್ವಿಚ್ಚಿನಿಂದ ಗಾಜು ಏರಿಳಿಯುವ ಪವರ್ ವಿಂಡೋ, ಮೇಲೆ ಸೆಂಟ್ರಲ್ ಲಾಕ್, ಎಲ್ಲವೂ ಸಂಜೆಯೊಳಗೆ ಸಿದ್ಧ ಎನ್ನುತ್ತಾರೆ. ಬೇಡ ಎಂದು ಹೇಳಿ ಎದ್ದು ಬನ್ನಿ.

ನಮ್ಮ ತಂದೆಗೆ ಭುಜದ ನೋವು. ಗಾಜು ಏರಿಳಿಸುವ ಹಿಡಿ ತಿರುಗಿಸುವುದು ಕಷ್ಟ. ಕಂಪನಿಯೇ ಪವರ್ ವಿಂಡೋ ಕೊಡುವ ಮೇಲಿನ ಮಾದರಿಗೆ ಬಹಳ ಕಾಯಬೇಕಿತ್ತು. ಹಾಗಾಗಿ ಷೋರೂಮಿನವರು ಹೇಳಿದ ಕಿಟ್‌ಗೆ ಒಪ್ಪಿದೆವು. ಒಪ್ಪುವ ಮೊದಲು ಎರಡು ಪ್ರಶ್ನೆಗಳನ್ನು ನೇರವಾಗಿ ಕೇಳಿದ್ದೆವು: ವೈರ್ ಕತ್ತರಿಸುತ್ತೀರಾ, ವಾರಂಟಿಗೆ ತೊಂದರೆಯಾಗುತ್ತದೆಯೇ? ಇಲ್ಲವೇ ಇಲ್ಲ ಎಂದರು. ಎರಡೂ ಸುಳ್ಳು.

ಬಾಗಿಲಿನೊಳಗೆ ಏನು ಮಾಡಿದ್ದರು ಎಂಬುದು ತೀರ್ಥಹಳ್ಳಿಯ ಎಲೆಕ್ಟ್ರಿಷಿಯನ್ ಒಬ್ಬರು ಬಾಗಿಲಿನ ಒಳಹೊದಿಕೆಯನ್ನು, ಅಂದರೆ ಡೋರ್ ಪ್ಯಾಡನ್ನು, ಬಿಚ್ಚಿದಾಗಲೇ ಗೊತ್ತಾಯಿತು. ಕೈಯಿಂದ ತಿರುಗಿಸಲೆಂದು ಕಂಪನಿ ಇಟ್ಟಿದ್ದ ಹಳೆಯ ಯಂತ್ರವನ್ನೇ ಉಳಿಸಿಕೊಂಡು, ಹಿಡಿ ಕೂರುವ ಹಲ್ಲಿನ ದಂಡಕ್ಕೆ ಒಂದು ಮೋಟಾರ್ ಸಿಕ್ಕಿಸಿದ್ದರು. ಬಾಗಿಲಿಗೂ ಬಾಡಿಗೂ ನಡುವೆ ವೈರ್ ದಾಟಿಸಲು ಹೊಸದಾಗಿ ರಂಧ್ರ ಕೊರೆದಿದ್ದರು. ತಗಡಿನ ಅಂಚು ವೈರಿಗೆ ತಾಗದಂತೆ ಅಲ್ಲಿ ಇರಲೇಬೇಕಾದ ರಬ್ಬರ್ ಬಳೆ, ಗ್ರಾಮೆಟ್, ಇರಲಿಲ್ಲ. ಪ್ರತಿ ಸಲ ಬಾಗಿಲು ತೆರೆದು ಮುಚ್ಚುವಾಗ ತಗಡಿನ ಅಂಚು ವೈರಿನ ಹೊದಿಕೆಯನ್ನು ತೇಯುತ್ತಲೇ ಇತ್ತು. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಕೆಳಗಿನ ತೂತುಗಳಿಂದ ಹೊರಹೋಗಬೇಕು; ಒಳಕ್ಕೆ ಬಾರದಂತೆ ತಡೆಯಲೆಂದೇ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಹರಿದು ಎಸೆದಿದ್ದರು. ಮಲೆನಾಡಿನ ಜುಲೈನಲ್ಲಿ ಕಾಲಡಿಯ ಮ್ಯಾಟ್ ಏಕೆ ಒಣಗುವುದೇ ಇಲ್ಲ ಎಂದು ನಾವು ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ನೀರು, ವೈರು ಹಾಗಿರಲಿ. ನನಗೆ ಇಂದಿಗೂ ಸಿಟ್ಟು ಇಳಿಯದಿರುವುದು ಸ್ವಿಚ್ಚಿನ ವಿಷಯದಲ್ಲಿ. ಕಿಟ್‌ನ ಜೊತೆ ಬಂದದ್ದು ತಕ್ಕಡಿಯಂತೆ ಆಡುವ ಸ್ವಿಚ್: ಒಂದು ತುದಿ ಒತ್ತಿದರೆ ಗಾಜು ಇಳಿಯುತ್ತದೆ, ಇನ್ನೊಂದು ತುದಿ ಒತ್ತಿದರೆ ಏರುತ್ತದೆ. ಅಕ್ಕನ ಮಗಳು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಕೈ ಹೊರಗೆ ಚಾಚಿ ಅಜ್ಜಿಗೆ ಟಾಟಾ ಮಾಡುತ್ತಿದ್ದಳು. ಅವಳ ಮಂಡಿಯೇ ಸ್ವಿಚ್ಚನ್ನು ಒತ್ತಿತು. ಗಾಜು ಏರಿ ಮುಂಗೈಯನ್ನು ಮೇಲಿನ ಚೌಕಟ್ಟಿಗೆ ಅದುಮಿ ಹಿಡಿಯಿತು. ಹೆದರಿದ ಮಗು ಮಂಡಿಯನ್ನು ಇನ್ನಷ್ಟು ಊರಿತು. ಮುಂದಿನಿಂದ ಹಿಂದಿನ ಕಿಟಕಿಗಳನ್ನು ಬಂದ್ ಮಾಡುವ ಲಾಕ್ ಸ್ವಿಚ್ ಆ ಕಿಟ್‌ನಲ್ಲಿ ಇರಲೇ ಇಲ್ಲ. ತಂದೆ ಕೀ ತಿರುಗಿಸಿ ವಿದ್ಯುತ್ ನಿಲ್ಲಿಸಿದರು, ಆದರೆ ಮೋಟಾರ್ ನಿಂತ ಮೇಲೆ ಗಾಜನ್ನು ಕೈಯಿಂದ ಕೆಳಕ್ಕೆ ತಳ್ಳಲಾಗುವುದಿಲ್ಲ. ಮತ್ತೆ ಕೀ ಹಾಕಿ, ಮಗುವನ್ನು ಎತ್ತಿ ಹಿಡಿದು, ಗಾಜು ಇಳಿಸಬೇಕಾಯಿತು. ಮೂಳೆ ಮುರಿದಿರಲಿಲ್ಲ. ಕೈ ಇದ್ದ ಜಾಗದಲ್ಲಿ ಕುತ್ತಿಗೆ ಇದ್ದಿದ್ದರೆ ಎಂದು ಯೋಚಿಸಲೂ ಆಗುವುದಿಲ್ಲ.

ಇದು ಯಾರೂ ಊಹಿಸದ ಅಪಾಯವೇನಲ್ಲ. ಅಮೆರಿಕದಲ್ಲಿ ಹೀಗೆಯೇ ಮಕ್ಕಳು ಸತ್ತ ಮೇಲೆ, ಗಾಜು ಏರಿಸಲು ಸ್ವಿಚ್ಚನ್ನು ಮೇಲಕ್ಕೆ ಎಳೆಯಲೇಬೇಕು, ಒತ್ತಿದರೆ ಏರಬಾರದು ಎಂಬ ನಿಯಮಕ್ಕೆ 2005ರಲ್ಲಿ ಕಾನೂನೇ ಬಂತು. ತಾನಾಗಿ ಏರುವ ಗಾಜು ಏನಾದರೂ ಅಡ್ಡ ಸಿಕ್ಕಾಗ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರದ ಒತ್ತಡ ಮೀರುವ ಮೊದಲೇ ಹಿಂದಕ್ಕೆ ಇಳಿಯಬೇಕು ಎಂಬ ಮಿತಿ ಯುರೋಪಿನಲ್ಲಿ ಇದೆ, ಅಮೆರಿಕದಲ್ಲೂ ಕೆಲವು ಸಂದರ್ಭಗಳಿಗೆ ಇದೆ. ನಮ್ಮ ಅಗ್ಗದ ಕಾರುಗಳಲ್ಲಿ ಈ ರಕ್ಷಣೆ ಇದ್ದರೂ ಸಾಮಾನ್ಯವಾಗಿ ಚಾಲಕನ ಕಿಟಕಿಗೆ ಮಾತ್ರ. ನಮಗೆ ಮಾರಿದ ಕಿಟ್‌ನಲ್ಲಿ ಒಂದಕ್ಕೂ ಇರಲಿಲ್ಲ. ರಿಮೋಟ್‌ನಲ್ಲಿ ಲಾಕ್ ಮಾಡಿದರೆ ನಾಲ್ಕೂ ಗಾಜು ತಾವಾಗಿಯೇ ಏರುವ ಇನ್ನೊಂದು ಸಾಧನವನ್ನೂ ಅದೇ ಅಂಗಡಿಯವರು ಮಾರುತ್ತಾರೆ. ಮಕ್ಕಳಿರುವ ಮನೆಯವರು ಅದರ ಹತ್ತಿರವೂ ಹೋಗಬೇಡಿ.

ಆಗುಂಬೆ ಘಾಟಿಯಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ ಮೇಲೆ ಎಲ್ಲವನ್ನೂ ಕೀಳಿಸಿದೆವು. ತೇಯ್ದ ವೈರ್ ತಗಡಿಗೆ ತಗಲಿತ್ತು. ಫ್ಯೂಸ್ ಹಾರಬೇಕಿತ್ತು, ಹಾರಲಿಲ್ಲ. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಸಾಮರ್ಥ್ಯದ ಫ್ಯೂಸ್ ಹಾಕಿಟ್ಟಿದ್ದರು. ಸುರಿಯುವ ಮಳೆಯಲ್ಲಿ ಅರ್ಧ ಇಳಿದ ಗಾಜು ಅಲ್ಲೇ ನಿಂತಿತು. ಸರ್ವಿಸ್ ಕೇಂದ್ರದವರು ಜಾಯಿಂಟ್ ಹಾಕಿ ಟೇಪ್ ಸುತ್ತಿದ್ದನ್ನು ನೋಡಿ, ವೈರಿಂಗ್‌ಗೆ ಇನ್ನು ವಾರಂಟಿ ಇಲ್ಲ ಎಂದು ಬರೆದುಕೊಟ್ಟರು. ಕಿಟ್ ಹಾಕಿದವರೂ ವಾರಂಟಿ ನಿರಾಕರಿಸಿದವರೂ ಒಂದೇ ಆವರಣದವರು!

ಕೈಯಿಂದ ತಿರುಗಿಸುವ ಕಿಟಕಿಯಲ್ಲಿ ಅನಾನುಕೂಲ ಇದೆ. ಒಬ್ಬರೇ ಓಡಿಸುವಾಗ ಹಿಂದಿನ ಗಾಜು ಏರಿಸಲು ಕಾರು ನಿಲ್ಲಿಸಿ ಇಳಿಯಬೇಕು. ಆದರೆ ಬ್ಯಾಟರಿ ಸತ್ತರೂ ಅದು ಕೆಲಸ ಮಾಡುತ್ತದೆ, ಮಗುವಿನ ಮಂಡಿಯಿಂದ ಏರುವುದಿಲ್ಲ. ಪವರ್ ವಿಂಡೋ ಬೇಕೇ ಬೇಕು ಎಂದಾದರೆ ಕಾಯ್ದಾದರೂ ಕಂಪನಿಯೇ ಹಾಕಿದ ಮಾದರಿ ಕೊಳ್ಳಿ. ಮುಂದಿನ ಎರಡಕ್ಕೆ ಪವರ್, ಹಿಂದಿನ ಎರಡಕ್ಕೆ ಹಿಡಿ ಇರುವ ಮಾದರಿ ಸಿಕ್ಕರೆ ಮಕ್ಕಳಿರುವವರಿಗೆ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಈಗಾಗಲೇ ಹಾಕಿಸಿದ್ದರೆ ಒಮ್ಮೆ ಡೋರ್ ಪ್ಯಾಡ್ ಬಿಚ್ಚಿಸಿ ಗ್ರಾಮೆಟ್, ಪ್ಲಾಸ್ಟಿಕ್ ಹಾಳೆ, ಫ್ಯೂಸ್ ಮೂರನ್ನೂ ನೋಡಿಸಿ. ವಿಮೆಯವರಿಗೂ ತಿಳಿಸಿ, ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳನ್ನು ಐಎಂಟಿ 24 ಎಂಬ ಹೆಚ್ಚುವರಿ ವಿಮಾ ಷರತ್ತಿನ ಅಡಿ ಪ್ರತ್ಯೇಕವಾಗಿ ಸೇರಿಸಬೇಕು. ಹಣ ಕೊಟ್ಟ ರಸೀದಿಯನ್ನೂ ತೆಗೆದು ನೋಡಿ. ನಮ್ಮದರಲ್ಲಿ ಬರೀ "ಆಕ್ಸೆಸರಿ" ಎಂದಿತ್ತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಮೊದಲ ಅಡ್ಡಿ ಅದೇ ಆಯಿತು. ಯಾವ ಕಿಟ್, ಯಾರು ಹಾಕಿದರು, ವಾರಂಟಿ ಯಾರದು ಎಂಬುದನ್ನು ಷೋರೂಮಿನ ಮೊಹರಿನೊಂದಿಗೆ ಈಗಲೇ ಬರೆಸಿಕೊಳ್ಳಿ.