ಮೂರು ಮಳೆಗಾಲ ಕಂಡ ಎಂಬತ್ತು ಹಲ್ಲಿನ ಬ್ಲೇಡ್

ತೀರ್ಥಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಅಂಗಡಿಗಳ ನಾಮಫಲಕಕ್ಕೆ ಅಕ್ರಿಲಿಕ್ ಕತ್ತರಿಸುತ್ತೇವೆ. ಅಡಿಕೆ ಕೊಯ್ಲು ಹತ್ತಿರವಾಯಿತೆಂದರೆ ಅಂಗಳದ ಮಾಡಿಗೆ ಪಾಲಿಕಾರ್ಬೊನೇಟ್ ಶೀಟ್ ಕೊಯ್ದು ಕೊಡುವುದೇ ದೊಡ್ಡ ಕೆಲಸ. ಪ್ಲಾಸ್ಟಿಕ್ಕಿಗೆಂದೇ ಮಾಡಿದ ಈ 10 ಇಂಚಿನ, 80 ಹಲ್ಲಿನ ಟಿಸಿಜಿ (ಟ್ರಿಪಲ್ ಚಿಪ್ ಗ್ರೈಂಡ್, ಅಂದರೆ ಎರಡು ಬಗೆಯ ಹಲ್ಲು ಒಂದು ಬಿಟ್ಟು ಒಂದು ಬರುವ) ಬ್ಲೇಡ್ ನಮ್ಮ ಟೇಬಲ್ ಗರಗಸ ಸೇರಿ ಮೂರು ವರ್ಷವಾಯಿತು.

ಅದಕ್ಕೂ ಮೊದಲು ಮರದ ಬ್ಲೇಡಿನಲ್ಲೇ ಎಲ್ಲವನ್ನೂ ಕೊಯ್ಯುತ್ತಿದ್ದೆ. ಅದರ ಹಲ್ಲು ಒಂದು ಎಡಕ್ಕೆ ಓರೆ, ಮತ್ತೊಂದು ಬಲಕ್ಕೆ. ಮರದ ನಾರು ಹರಿಯಲು ಆ ಚೂಪು ಮೂಲೆ ಬೇಕೇ ಬೇಕು. ಅಕ್ರಿಲಿಕ್ಕಿಗೆ ನಾರೆಲ್ಲಿದೆ? ಮೂಲೆ ತಾಗಿದಲ್ಲೆಲ್ಲ ಅಂಚಿನ ಚಕ್ಕೆ ಹಾರುತ್ತಿತ್ತು. ಮುಂದಕ್ಕೆ ಬಾಗಿದ ಹಲ್ಲು ಶೀಟನ್ನೇ ಕಚ್ಚಿ ಎಳೆಯುತ್ತಿತ್ತು.

ಇದರ ಹಲ್ಲುಗಳಲ್ಲಿ ಒಂದರ ಎರಡೂ ಮೂಲೆ ಸವರಿದೆ, ಪಕ್ಕದ್ದು ಚಪ್ಪಟೆ. ಮೂಲೆ ಸವರಿದ್ದು ಕೂದಲೆಳೆಯಷ್ಟು ಎತ್ತರವಾಗಿದ್ದು ಮೊದಲು ನಡುವೆ ಸಣ್ಣ ಕಾಲುವೆ ತೋಡುತ್ತದೆ. ಹಿಂದೆಯೇ ಬರುವ ಚಪ್ಪಟೆ ಹಲ್ಲು ಎರಡೂ ಬದಿಯನ್ನು ಬಳಿದುಕೊಂಡು ಹೋಗುತ್ತದೆ. ಹಲ್ಲುಗಳು ತುಸು ಹಿಂದಕ್ಕೆ ವಾಲಿರುವುದರಿಂದ ಶೀಟನ್ನು ಎಳೆದುಕೊಳ್ಳುವುದಿಲ್ಲ.

ಆದರೂ ಮೊದಲ ತಿಂಗಳು ಅಕ್ರಿಲಿಕ್ ಕರಗಿ ಅಂಟಿತು. ತಪ್ಪು ನನ್ನದು. ಚಕ್ಕೆ ಏಳುವ ಭಯಕ್ಕೆ ತೀರಾ ನಿಧಾನವಾಗಿ ತಳ್ಳುತ್ತಿದ್ದೆ. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಹಲ್ಲು ಕೊಯ್ಯದೆ ಬರೀ ಉಜ್ಜಿದರೆ ಬಿಸಿ ಅಲ್ಲೇ ಉಳಿದು, ಕೊಯ್ದ ಸೀಳು ಬ್ಲೇಡಿನ ಹಿಂದೆಯೇ ಬೆಸೆದುಕೊಳ್ಳುತ್ತದೆ. ಈಗ ಪುಡಿಯನ್ನು ನೋಡಿಯೇ ಕೈಯ ವೇಗ ಹೊಂದಿಸುತ್ತೇನೆ. ಕೊಬ್ಬರಿ ತುರಿಯಂತೆ ಒಣಗಿ ಉದುರಿದರೆ ಸರಿ. ದಾರದಂತೆ ಎಳೆ ಬಂದರೆ, ಘಾಟು ಮೂಗಿಗೆ ಬಡಿದರೆ, ಒಂದೋ ನಿಧಾನವಾಯಿತು, ಇಲ್ಲವೇ ಬ್ಲೇಡ್ ಮೊಂಡಾಯಿತು.

ಬೆಲೆ ಮರದ ಬ್ಲೇಡಿನ ದುಪ್ಪಟ್ಟು. ತೆಳು ಶೀಟು ಅದುರುತ್ತದೆ, ಕೆಳಗೆ ಪ್ಲೈವುಡ್ ಕೊಡಲೇಬೇಕು. ಪೊಳ್ಳು ಪಾಲಿಕಾರ್ಬೊನೇಟ್ ಆದರೆ ಕೊಳವೆಯೊಳಗೆಲ್ಲ ಪುಡಿ ತುಂಬುತ್ತದೆ. ಗಾಳಿ ಹೊಡೆದು ತೆಗೆಯಬೇಕು. ಒಮ್ಮೆ ಹಲಸಿನ ಹಲಗೆ ಕೊಯ್ದು ಹಲ್ಲಿಗೆ ಅಂಟು ಹಿಡಿದ ಮೇಲೆ ಇದನ್ನು ಮರಕ್ಕೆ ತಾಗಿಸಿಲ್ಲ.

ನಿಜವಾದ ನೋವು ಸಾಣೆಯದು. ಎರಡನೆಯ ವರ್ಷ ಒಂದು ಅಂಗಡಿಯಲ್ಲಿ ಸಾಣೆಗೆ ಕೊಟ್ಟೆ. ಬೆರಳಿಗೆ ಹರಿತವಾಗಿಯೇ ಹತ್ತುತ್ತಿತ್ತು, ಆದರೆ 6 ಮಿ.ಮೀ. ಶೀಟಿನ ಅಂಚು ಮತ್ತೆ ಒರಟು. ಪಕ್ಕಪಕ್ಕದ ಹಲ್ಲುಗಳ ಎತ್ತರ ಅಳೆದು ನೋಡಿದೆ. ಮೂಲೆ ಸವರಿದ ಹಲ್ಲಿಗೂ ಚಪ್ಪಟೆ ಹಲ್ಲಿಗೂ ಇರಬೇಕಿದ್ದ ವ್ಯತ್ಯಾಸವೇ ಇರಲಿಲ್ಲ. ಎಲ್ಲವನ್ನೂ ಒಂದೇ ಎತ್ತರಕ್ಕೆ ತೇಯ್ದಿದ್ದರು. ಬೇರೆ ಕಡೆ ಮತ್ತೆ ಸರಿಮಾಡಿಸುವಷ್ಟರಲ್ಲಿ ಹಲ್ಲಿನ ತುದಿಗೆ ಬೆಸೆದ ಗಟ್ಟಿ ಕಾರ್ಬೈಡ್ ಎಷ್ಟೋ ಸವೆದುಹೋಗಿತ್ತು.

ಈಗ ಸಾಣೆಗೆ ಕಳಿಸುವಾಗ ರಟ್ಟಿನ ತುಂಡಿನಲ್ಲಿ ಎರಡು ಹಲ್ಲಿನ ಚಿತ್ರ ಬರೆದು, ಎತ್ತರದ ವ್ಯತ್ಯಾಸ ಗುರುತಿಸಿ, ಬ್ಲೇಡಿನ ನಡುತೂತಿಗೆ ದಾರದಿಂದ ಕಟ್ಟಿಯೇ ಕೊಡುತ್ತೇನೆ.