ಆಂಕಿ: ಆ್ಯಪ್ ಚೆನ್ನಾಗಿದೆ, ಕಾರ್ಡ್ ಮಾತ್ರ ನೀವೇ ಬರೆಯಿರಿ

ಜಿಆರ್‌ಇ (ವಿದೇಶಿ ಉನ್ನತ ವ್ಯಾಸಂಗದ ಪ್ರವೇಶ ಪರೀಕ್ಷೆ) ಮಟ್ಟದ ಇಂಗ್ಲಿಷ್ ಪದಗಳನ್ನು ಕಲಿತು ಮರೆಯದೆ ಉಳಿಸಿಕೊಳ್ಳಬೇಕೆನ್ನುವವರು ಧೈರ್ಯವಾಗಿ ಆಂಕಿಯನ್ನು ನೆಚ್ಚಬಹುದು. 2006ರಿಂದ ಇರುವ ಈ ಫ್ಲ್ಯಾಷ್‌ಕಾರ್ಡ್ (ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡ್) ಆ್ಯಪ್ ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ. ಐಫೋನಿನಲ್ಲಿ ಮಾತ್ರ ಒಮ್ಮೆ ದುಡ್ಡು ಕೊಟ್ಟು ಕೊಳ್ಳಬೇಕು. ಇನ್ನೇನು ಮರೆತೇಹೋಗುತ್ತದೆ ಅನ್ನುವ ಹೊತ್ತಿಗೆ ಪದವನ್ನು ಮತ್ತೆ ಮುಂದಿಡುವುದು ಇದರ ಕೆಲಸ.

ಎಡವಟ್ಟಾಗುವುದು ಡೌನ್‌ಲೋಡ್ ಮಾಡಿಕೊಳ್ಳುವ ಸಿದ್ಧ ಡೆಕ್ಕುಗಳಲ್ಲಿ, ಅಂದರೆ ಬೇರೆಯವರು ಮಾಡಿಟ್ಟ ಕಾರ್ಡಿನ ಕಟ್ಟುಗಳಲ್ಲಿ. ಎಷ್ಟೋ ಡೆಕ್ಕುಗಳಲ್ಲಿ ಮುಂದೆ ಪದ, ಹಿಂದೆ ಒಂದೇ ಮಾತಿನ ಅರ್ಥ. 'ಅಲೀವಿಯೇಟ್', 'ಮಿಟಿಗೇಟ್', 'ಅಬೇಟ್' ಮೂರಕ್ಕೂ 'ಕಡಿಮೆ' ಎಂದೇ ಕಲಿತರೆ ಬರೆಯುವಾಗ ಮೂರೂ ಕೈಕೊಡುತ್ತವೆ. ಅಲೀವಿಯೇಟ್ ಮಾಡುವುದು ಈಗಾಗಲೇ ಅನುಭವಿಸುತ್ತಿರುವ ನೋವು, ಬಡತನಗಳನ್ನು. ಮಿಟಿಗೇಟ್ ಹೆಚ್ಚಾಗಿ ಅಪಾಯ, ಹಾನಿಗಳ ತೀವ್ರತೆಗೆ. ಅಬೇಟ್ ಸಾಮಾನ್ಯವಾಗಿ ಬಿರುಗಾಳಿಯಂತೆ ತಾನಾಗಿ ತಗ್ಗುವುದಕ್ಕೆ. ಹಾಗಾಗಿ ಪದ-ಅರ್ಥದ ಬೇಸಿಕ್ ಕಾರ್ಡ್ ಬಿಟ್ಟು ಕ್ಲೋಜ್ ಕಾರ್ಡ್ (ವಾಕ್ಯದಲ್ಲಿ ಬಿಟ್ಟ ಪದ ತುಂಬುವ ಕಾರ್ಡ್) ಮಾಡಿ. 'ದ ಸ್ಟಾರ್ಮ್ \_\_\_ ಬೈ ಈವ್ನಿಂಗ್' ಎಂದು ಖಾಲಿ ಜಾಗ ಬಿಟ್ಟು, 'ತಾನಾಗಿ ತಗ್ಗಿತು' ಎಂಬ ಸುಳಿವು ಕೊಡಿ. ಒಂದು ಕಾರ್ಡಿಗೆ ಎರಡು ಮೂರು ನಿಮಿಷ ಹಿಡಿದರೂ ಪದ ವಾಕ್ಯದ ಸಮೇತ ತಲೆಯಲ್ಲಿ ಕೂರುತ್ತದೆ. ಉಚ್ಚಾರವನ್ನೂ ಸೇರಿಸಿ: 'ಎಪಿಟಮಿ'ಯನ್ನು 'ಎಪಿಟೋಮ್' ಎಂದು ಓದಿಕೊಂಡವರು ಅದನ್ನು ಕಿವಿಗೆ ಬಿದ್ದಾಗ ಗುರುತಿಸುವುದೇ ಇಲ್ಲ.

ಸೆಟ್ಟಿಂಗ್ಸ್‌ನಲ್ಲಿ ಮೊದಲು ಬದಲಿಸಬೇಕಾದ್ದು ದಿನಕ್ಕೆ 20 ಹೊಸ ಕಾರ್ಡುಗಳೆಂಬ ಮಿತಿ. ಅದನ್ನು ಹಾಗೇ ಬಿಟ್ಟರೆ ಕೆಲವೇ ವಾರಗಳಲ್ಲಿ ದಿನದ ರಿವ್ಯೂ, ಅಂದರೆ ಮತ್ತೆ ನೋಡಬೇಕಾದ ಹಳೆಯ ಕಾರ್ಡು, 150 ದಾಟಬಹುದು. ಎರಡು ದಿನ ತಪ್ಪಿಸಿದರೆ ಬೆಟ್ಟದಷ್ಟು ಬಾಕಿ. ದಿನಕ್ಕೆ 7 ಹೊಸ ಕಾರ್ಡು ಸಾಕು. 2023ರಲ್ಲಿ ಸೇರಿದ ಎಫ್‌ಎಸ್‌ಆರ್‌ಎಸ್ (ಕಾರ್ಡನ್ನು ಮತ್ತೆ ಯಾವಾಗ ತೋರಿಸಬೇಕೆಂದು ಲೆಕ್ಕಹಾಕುವ ವಿಧಾನ) ಆನ್ ಮಾಡಿ, ನೆನಪಿನ ಗುರಿಯನ್ನು (ರಿವ್ಯೂ ಹೊತ್ತಿಗೆ ನೂರರಲ್ಲಿ ಎಷ್ಟು ಕಾರ್ಡು ನೆನಪಿರಬೇಕು ಎಂಬುದನ್ನು) 90%ರಲ್ಲೇ ಬಿಡಿ. ಗುರಿ 97%ಕ್ಕೆ ಏರಿಸಿದರೆ ರಿವ್ಯೂಗಳು ವಿಪರೀತ ಹೆಚ್ಚುತ್ತವೆ.

ಉತ್ತರ ನೋಡಿದ ಮೇಲೆ ಎಷ್ಟು ನೆನಪಿತ್ತೆಂದು ಒತ್ತುವ ಬಟನ್ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಅರ್ಥ ಹೊಳೆಯದಿದ್ದರೂ ಸಂಕೋಚಕ್ಕೆ 'ಹಾರ್ಡ್' ಒತ್ತುತ್ತಾರೆ. ಆಂಕಿಯ ಲೆಕ್ಕದಲ್ಲಿ ಹಾರ್ಡ್ ಎಂದರೆ ನೆನಪಾಯಿತು, ಆದರೆ ಕಷ್ಟಪಟ್ಟು. ಮರೆತಿದ್ದರೆ 'ಅಗೇನ್' ಒತ್ತಲೇಬೇಕು; ಇಲ್ಲವಾದರೆ ಗೊತ್ತಿಲ್ಲದ ಪದ ಮತ್ತೆ ಬರುವ ಅಂತರವೂ ಬೆಳೆಯುತ್ತಾ ಹೋಗುತ್ತದೆ.

ರಿವ್ಯೂನಲ್ಲಿ 8 ಸಲ ಮರೆತ ಕಾರ್ಡನ್ನು ಆಂಕಿ 'ಲೀಚ್' (ಸಮಯ ಹೀರುವ ಜಿಗಣೆ) ಎಂದು ಗುರುತಿಸುತ್ತದೆ; ಸೆಟ್ಟಿಂಗ್‌ಗೆ ತಕ್ಕಂತೆ ತಡೆಹಿಡಿಯಲೂಬಹುದು. ಇದು ಒಳ್ಳೆಯ ವ್ಯವಸ್ಥೆ. ಅಂಥ ಕಾರ್ಡನ್ನು ಹಾಗೇ ಮುಂದುವರಿಸಬೇಡಿ, ಬೇರೆ ವಾಕ್ಯ ಹಾಕಿ ಹೊಸದಾಗಿ ಬರೆಯಿರಿ.